ಲೆಟ್ರೊಜೋಲ್, ಅಗಸೆ ಎಣ್ಣೆ, ಇಲಿಯ ಅಂಡಾಶಯ: ಪ್ರಯೋಗಕ್ಕೆ ಮುಂಚಿನ ಟಿಪ್ಪಣಿ

ಇಲಿಗೆ ಲೆಟ್ರೊಜೋಲ್‌ನಿಂದ ಪಿಸಿಒಎಸ್ (ಅಂಡಾಶಯದಲ್ಲಿ ಗುಳ್ಳೆಗಳೆದ್ದು ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ) ಬರಿಸಿ, ಅಗಸೆ ಎಣ್ಣೆಯಿಂದ ಅದು ತಗ್ಗುತ್ತದೆಯೇ ಎಂದು ನೋಡುವುದು ಈ ಪ್ರಯೋಗ. ಪಿಸಿಒಎಸ್ ಇರುವ ಹೆಂಗಸಿಗೆ ಅಂಡ ಬಿಡಿಸಲು ಕೊಡುವುದೂ ಲೆಟ್ರೊಜೋಲ್, ಇಲಿಗೆ ಪಿಸಿಒಎಸ್ ಬರಿಸಲು ಕೊಡುವುದೂ ಅದೇ. ವೈವಾದಲ್ಲಿ ಎಡವುವುದು ಇಲ್ಲೇ. ಟೆಸ್ಟೋಸ್ಟೆರಾನನ್ನು ಈಸ್ಟ್ರೊಜನ್ ಮಾಡುವ ಅರೊಮಟೇಸ್ ಕಿಣ್ವವನ್ನು ಇದು ಕಟ್ಟಿಹಾಕುತ್ತದೆ. ಉಳಿದದ್ದೆಲ್ಲ ದಿನಗಳ ಲೆಕ್ಕ. ಹೆಂಗಸರಿಗೆ ಸಾಮಾನ್ಯವಾಗಿ ಮುಟ್ಟಿನ 3ರಿಂದ 7ನೇ ದಿನದವರೆಗೆ, ದಿನಕ್ಕೆ 2.5 ಮಿ.ಗ್ರಾಂನಿಂದ ಶುರು. ಈಸ್ಟ್ರೊಜನ್ ತುಸು ಇಳಿದೊಡನೆ ಎಫ್‌ಎಸ್‌ಎಚ್ (ಪಿಟ್ಯುಟರಿ ಗ್ರಂಥಿಯ ಹಾರ್ಮೋನ್) ಏರಿ ಕೋಶಕ, ಅಂದರೆ ಅಂಡವಿರುವ ಚೀಲ, ಬೆಳೆಯುತ್ತದೆ. ಇಲಿಗಾದರೋ ಕೆ.ಜಿ.ಗೆ 1 ಮಿ.ಗ್ರಾಂನಂತೆ ಬಿಡದೆ 21 ದಿನ. ಟೆಸ್ಟೋಸ್ಟೆರಾನ್, ಎಲ್‌ಎಚ್ (ಪಿಟ್ಯುಟರಿಯ ಇನ್ನೊಂದು ಹಾರ್ಮೋನ್) ಏರಿಯೇ ಇರುತ್ತವೆ, ಕೋಶಕ ಒಡೆಯದೆ ನೀರುಗುಳ್ಳೆಯಾಗುತ್ತದೆ.

200 ಗ್ರಾಂ ಇಲಿಗೆ ಬೇಕಾದದ್ದು 0.2 ಮಿ.ಗ್ರಾಂ. 2.5 ಮಿ.ಗ್ರಾಂ ಮಾತ್ರೆಯನ್ನು ನುಣ್ಣಗೆ ಅರೆದು 5 ಮಿ.ಲೀ. ಸಿಎಂಸಿ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಎಂಬ ಅಂಟು) ದ್ರಾವಣದಲ್ಲಿ (ಶೇ 0.5) ಕಲಸಿದರೆ ಒಂದು ಡೋಸ್ 0.4 ಮಿ.ಲೀ. ಇದು ಕರಗುವುದಿಲ್ಲ, ತಳ ಹಿಡಿಯುತ್ತದೆ. ಪ್ರತಿ ಸಲ ಕುಲುಕದಿದ್ದರೆ ಮೊದಲ ಇಲಿಗೆ ಬರೀ ನೀರು, ಕೊನೆಯದಕ್ಕೆ ಗಸಿ.

ಇನ್ನು ಎಣ್ಣೆ. ಅಗಸೆಯಲ್ಲಿ ಈಸ್ಟ್ರೊಜನ್‌ನಂತೆ ವರ್ತಿಸುವ ಲಿಗ್ನಾನ್ ಇದೆ ಎಂದು ಪೀಠಿಕೆಯಲ್ಲಿ ಬರೆದು ಎಣ್ಣೆ ಕುಡಿಸುವವರಿದ್ದಾರೆ. ಲಿಗ್ನಾನ್ ಉಳಿಯುವುದು ಹಿಂಡಿಯಲ್ಲಿ! ಎಣ್ಣೆಯಲ್ಲಿರುವುದು ಮುಖ್ಯವಾಗಿ ಆಲ್ಫಾ ಲಿನೊಲೆನಿಕ್ ಆಮ್ಲ, ಅರ್ಧಕ್ಕಿಂತ ಹೆಚ್ಚು. ಅದು ಗಾಳಿ-ಬೆಳಕಿಗೆ ಬೇಗ ಕಮಟುತ್ತದೆ; ಕಂದು ಬಾಟಲಿಯಲ್ಲಿ ಫ್ರಿಜ್‌ನಲ್ಲಿಡಿ. ಹೋಲಿಕೆಯ ಗುಂಪಿಗೆ ನೀರು ಸಾಲದು, ಅಷ್ಟೇ ಅಳತೆಯ ಸೂರ್ಯಕಾಂತಿ ಎಣ್ಣೆ ಕೊಡಿ. ಇಲ್ಲದಿದ್ದರೆ ಫಲ ಕೊಬ್ಬಿನ ಕ್ಯಾಲೊರಿಯದೋ ಅಗಸೆಯದೋ ಗೊತ್ತಾಗದು. ಲೆಟ್ರೊಜೋಲ್ ನಿಲ್ಲಿಸಿದ ಮೇಲೆ ಇಲಿ ತಾನಾಗಿಯೂ ಚೇತರಿಸಿಕೊಳ್ಳಬಹುದು. ಹಾಗಾಗಿ ಎಣ್ಣೆ ಕೊಡದೆ ಅಷ್ಟೇ ದಿನ ಕಾಯುವ ಇನ್ನೊಂದು ಗುಂಪೂ ಇರಲಿ.

ಯೋನಿಯ ಸ್ಮಿಯರನ್ನು (ಗಾಜಿನ ಮೇಲೆ ಸವರಿ ನೋಡುವ ಕೋಶಗಳ ಲೇಪ) ದಿನಾ ಒಂದೇ ಹೊತ್ತಿಗೆ ತೆಗೆಯಿರಿ. ಆರೋಗ್ಯವಂತ ಇಲಿಯ ಬೆದೆಯ ಚಕ್ರ 4–5 ದಿನ. ದಿನವೂ ಬಿಳಿ ರಕ್ತಕಣಗಳೇ ತುಂಬಿದ್ದರೆ ಇಲಿ ಡೈಈಸ್ಟ್ರಸ್‌ನಲ್ಲಿ (ಚಕ್ರದ ಬೆದೆಯಿಲ್ಲದ ಹಂತ) ಸಿಕ್ಕಿಕೊಂಡಿದೆ ಎಂದರ್ಥ. ಆದರೆ ಡ್ರಾಪರ್ ಆಳಕ್ಕೆ ಹೋಗಿ ಗರ್ಭಕಂಠ ಮುಟ್ಟಿದರೆ ಸುಳ್ಳು ಬಸಿರು ಕಟ್ಟಿ, ಸುಮಾರು ಎರಡು ವಾರ ಇದೇ ಚಿತ್ರ ಕಾಣುತ್ತದೆ. ತುದಿ ಯೋನಿಯ ಬಾಯಲ್ಲಷ್ಟೇ ಇರಲಿ, ಸಲೈನ್ ಒಂದೆರಡು ಹನಿ ಸಾಕು.

ಅನುಮಾನ ಬಿಡಿಸುವುದು ಅಂಡಾಶಯದ ಸೆಕ್ಷನ್ (ಸೂಕ್ಷ್ಮದರ್ಶಕದಲ್ಲಿ ನೋಡುವ ತೆಳು ಹೋಳು). ಸುಳ್ಳು ಬಸಿರಾದರೆ ದುಂಡಗಿನ ಕಾರ್ಪಸ್ ಲೂಟಿಯಂ (ಅಂಡ ಬಿಟ್ಟ ಕೋಶಕದಿಂದಾಗುವ ಗಂಟು) ಎದ್ದು ಕಾಣುತ್ತದೆ. ಲೆಟ್ರೊಜೋಲ್ ಹಿಡಿದಿದ್ದರೆ ಅದು ಅಪರೂಪ. ಸಿಗುವುದು ದೊಡ್ಡ ಗುಳ್ಳೆಗಳು, ಅವುಗಳ ಗೋಡೆಯ ಒಳಗೆ ತೆಳುವಾದ ಗ್ರಾನ್ಯುಲೋಸಾ ಪದರ, ಹೊರಗೆ ದಪ್ಪಗಾದ ಥೀಕಾ ಪದರ.