ನಾರ್ಥಂಬರ್‌ಲ್ಯಾಂಡಿನ ಕೋಟೆಗಳು: ಗೋಡೆ ನೋಡಿ ಕಾಲ ಗುರುತಿಸುವುದು

ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ, ಸ್ಕಾಟ್ಲೆಂಡಿಗೆ ತಾಗಿಕೊಂಡು, ನಾರ್ತ್ ಸೀ ದಂಡೆಯ ಮೇಲೆ ನಾರ್ಥಂಬರ್‌ಲ್ಯಾಂಡ್ ಇದೆ. ಇಲ್ಲಿರುವಷ್ಟು ಕೋಟೆಗಳ ಹೆಸರು, ಇಸವಿ ಬಾಯಿಪಾಠ ಮಾಡಲು ಹೊರಟರೆ ತಲೆ ಕೆಡುತ್ತದೆ. ಅದರ ಬದಲು ಒಂದೇ ಪ್ರಶ್ನೆ ಹಿಡಿದುಕೊಂಡು ನೋಡಿ. ಈ ಗೋಡೆ ಎದ್ದಿದ್ದು ಫಿರಂಗಿ ಬರುವ ಮುಂಚೆಯೋ, ಬಂದ ಮೇಲೋ? ಮುಂಚೆ ಆದರೆ ಗೋಡೆ ಎತ್ತರವಾಗಿರುತ್ತದೆ. ಏಣಿ ಹಾಕಿ ಹತ್ತುವವರನ್ನು ತಡೆಯಬೇಕಿತ್ತು. ಆಮೇಲಿನದಾದರೆ ಗಿಡ್ಡ, ದಪ್ಪ, ಹಿಂದೆ ಮಣ್ಣು ತುಂಬಿರುತ್ತದೆ. ಎತ್ತರದ ಗೋಡೆಗೆ ಗುಂಡು ಹೊಡೆಯುವುದು ಸುಲಭ, ಅಲ್ವಾ?

ಗಡಿಯ ಕತೆ ಚಿಕ್ಕದಾಗಿ: 1237ರ ಯಾರ್ಕ್ ಒಪ್ಪಂದದಲ್ಲಿ ಟ್ವೀಡ್ ನದಿಯಿಂದ ಸಾಲ್ವೇ ಕೊಲ್ಲಿಯ ತನಕ ಗಡಿ ಒಪ್ಪಿಗೆಯಾಯಿತು. 1296ರಲ್ಲಿ ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್ ಸ್ಕಾಟರ ಕೈಯಲ್ಲಿದ್ದ ಬೆರಿಕ್ ಪಟ್ಟಣವನ್ನು ಹಿಡಿದ. ಅಲ್ಲಿಂದ ಸುಮಾರು ಮುನ್ನೂರು ವರ್ಷ ಇಲ್ಲಿ ನೆಮ್ಮದಿ ಇರಲಿಲ್ಲ. 1603ರಲ್ಲಿ ಸ್ಕಾಟ್ಲೆಂಡಿನ ರಾಜ ಆರನೇ ಜೇಮ್ಸ್‌ಗೇ ಇಂಗ್ಲೆಂಡಿನ ಪಟ್ಟವೂ ಸಿಕ್ಕಿತು. ಇಬ್ಬರಿಗೂ ಒಬ್ಬನೇ ರಾಜ ಆದ ಮೇಲೆ ಗಡಿ ಕೋಟೆಗಳಿಗೆ ಕೆಲಸ ಕಡಿಮೆಯಾಯಿತು.

ಡನ್‌ಸ್ಟನ್‌ಬರಾ

ಇದು ಫಿರಂಗಿಗೆ ಮುಂಚಿನ ಕೋಟೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಲ್ಯಾಂಕಾಸ್ಟರಿನ ಅರ್ಲ್ (ದೊಡ್ಡ ಸರದಾರನ ಪದವಿ) ಥಾಮಸ್ 1313ರಲ್ಲಿ ಕಟ್ಟಲು ಶುರುಮಾಡಿದ. ಸ್ಕಾಟರನ್ನು ತಡೆಯಲು ಕಟ್ಟಿದ್ದು ಎಂದು ಸುಮ್ನೆ ಬರೆದುಬಿಡಬೇಡಿ. ದಂಡು ಬರುವ ಮುಖ್ಯ ದಾರಿಯಿಂದ ಇದು ದೂರ, ಕಡಲ ಬದಿಯ ಬಂಡೆಯ ಮೇಲಿದೆ. ಥಾಮಸನಿಗೂ ಅವನ ದಾಯಾದಿ ರಾಜ ಎರಡನೇ ಎಡ್ವರ್ಡನಿಗೂ ಆಗುತ್ತಿರಲಿಲ್ಲ. ರಾಜನ ಆಪ್ತ ಗ್ಯಾವೆಸ್ಟನ್‌ನ ಕೊಲೆಯಲ್ಲಿ 1312ರಲ್ಲಿ ಥಾಮಸನ ಕೈಯೂ ಇತ್ತು. ಹೀಗಾಗಿ ಕೋಟೆಯ ದೊಡ್ಡ ಹೆಬ್ಬಾಗಿಲನ್ನು ರಾಜನಿಗೆ ತೋರಿಸಿದ ಮೀಸೆ ಎಂದು ಓದಿದರೆ ಹೆಚ್ಚು ಸರಿಹೋಗುತ್ತದೆ. ಎರಡು ದುಂಡು ಬುರುಜುಗಳ ಆ ಬಾಗಿಲಿನಲ್ಲಿ ಅಷ್ಟು ಗತ್ತಿದೆ. ಆದರೆ ಕೋಟೆ ಅವನನ್ನು ಕಾಯಲಿಲ್ಲ. 1322ರಲ್ಲಿ ಬರೋಬ್ರಿಜ್ ಕಾಳಗದಲ್ಲಿ ಸೋತು ಸಿಕ್ಕಿಬಿದ್ದ, ತಲೆ ಕಡಿಸಿದರು.

1380ರ ದಶಕದಲ್ಲಿ ಕೋಟೆ ಲ್ಯಾಂಕಾಸ್ಟರಿನ ಡ್ಯೂಕ್ ಜಾನ್ ಆಫ್ ಗಾಂಟ್ ಕೈಯಲ್ಲಿತ್ತು. ಅವನು ಆ ಹೆಬ್ಬಾಗಿಲನ್ನೇ ಮುಚ್ಚಿಸಿ ಪಕ್ಕದಲ್ಲಿ ಬೇರೆ ದಾರಿ ಮಾಡಿಸಿದ. ಅಲ್ಲಿ ನಿಂತಾಗ ಇದನ್ನು ತಪ್ಪದೆ ಗಮನಿಸಿ. ಕ್ರಾಸ್ಟರ್ ಎಂಬ ಮೀನುಗಾರರ ಹಳ್ಳಿಯಿಂದ ಸುಮಾರು ಎರಡು ಕಿಲೋಮೀಟರ್ ನಡೆಯಬೇಕು. ಗಾಳಿ ಜೋರು, ಜಾಕೆಟ್ ಬೇಕೇಬೇಕು.

ಬ್ಯಾಂಬರಾ

ಫೋಟೊಗಳಲ್ಲಿ ಜಾಸ್ತಿ ಕಾಣುವುದು ಇದೇ. 12ನೇ ಶತಮಾನದ ನಡುಗೋಪುರ ಈಗಲೂ ಇದೆ. ಆದರೆ ಪರೀಕ್ಷೆಗೆ ಬೇಕಾದ ಇಸವಿ 1464. ಇಂಗ್ಲೆಂಡಿನ ಎರಡು ರಾಜಮನೆತನಗಳ ನಡುವಿನ 'ಗುಲಾಬಿ ಯುದ್ಧ'ದಲ್ಲಿ ವಾರ್ವಿಕ್‌ನ ಅರ್ಲ್ ಇದಕ್ಕೆ ಮುತ್ತಿಗೆ ಹಾಕಿ ಫಿರಂಗಿಯಿಂದ ಗೋಡೆ ಒಡೆದ. ಇಂಗ್ಲೆಂಡಿನಲ್ಲಿ ಫಿರಂಗಿಗೆ ಸೋತ ಮೊದಲ ಕೋಟೆ ಎಂದು ಇದನ್ನೇ ಹೇಳುತ್ತಾರೆ. 1894ರಲ್ಲಿ ಇದನ್ನು ಕೊಂಡು ಸರಿಪಡಿಸಲು ಹೊರಟ ಶ್ರೀಮಂತ ವಿಲಿಯಂ ಆರ್ಮ್‌ಸ್ಟ್ರಾಂಗ್. ಅವನ ದುಡ್ಡು ಎಲ್ಲಿಂದ ಬಂತು ಗೊತ್ತಾ? ನ್ಯೂಕಾಸಲ್‌ನ ಕಾರ್ಖಾನೆಯಲ್ಲಿ ಫಿರಂಗಿ ಮಾಡಿ ಮಾರಿದ್ದರಿಂದಲೂ! ಈಗ ಒಳಗೆ ಕಾಣುವ ವೈಭವದಲ್ಲಿ ಬಹುಪಾಲು ಆ ಕಾಲದ್ದು. ಅದನ್ನು ಮಧ್ಯಯುಗದ್ದು ಎಂದುಕೊಂಡು ಟಿಪ್ಪಣಿ ಬರೆದುಕೊಳ್ಳಬೇಡಿ.

ಬೆರಿಕ್

ಫಿರಂಗಿಗೆ ಸಿಕ್ಕ ಉತ್ತರ ಇಲ್ಲಿದೆ. ಟ್ವೀಡ್ ನದಿಯ ಉತ್ತರ ದಂಡೆಯ ಈ ಪಟ್ಟಣ ಎರಡು ದೇಶಗಳ ನಡುವೆ ಹದಿಮೂರು ಸಲ ಕೈಬದಲಾಯಿತು ಎಂದು ಎಣಿಸುತ್ತಾರೆ. 1482ರಿಂದ ಇಂಗ್ಲೆಂಡಿನ ಬಳಿಯೇ ಇದೆ. 1558ರ ಜನವರಿಯಲ್ಲಿ ಇಂಗ್ಲೆಂಡ್ ಫ್ರಾನ್ಸಿಗೆ ಕ್ಯಾಲೆ ಬಂದರನ್ನು ಕಳೆದುಕೊಂಡಿತು. ಸ್ಕಾಟ್ಲೆಂಡ್ ಫ್ರಾನ್ಸಿನ ಮಿತ್ರ, ಹಾಗಾಗಿ ಮುಂದೆ ಬೆರಿಕ್ ಕೂಡ ಹೋದೀತು ಎಂಬ ಹೆದರಿಕೆಯಲ್ಲಿ ಅದೇ ವರ್ಷ ಇಟಲಿಯ ಮಾದರಿಯ ಹೊಸ ಗೋಡೆ ಶುರುವಾಯಿತು.

ಇದರ ಕೊತ್ತಳಗಳು ಬಾಣದ ತುದಿಯ ಹಾಗಿವೆ. ಕಾರಣ ಇದು: ದುಂಡು ಬುರುಜಿನ ಮೂತಿಗೆ ಶತ್ರು ಬಂದು ಅಂಟಿಕೊಂಡು ನಿಂತರೆ, ಪಕ್ಕದ ಬುರುಜಿನಿಂದ ಅವನಿಗೆ ಗುಂಡು ತಾಗುವುದಿಲ್ಲ. ಚೂಪು ಮಾಡಿದರೆ ಆ ಮರೆ ಜಾಗವೇ ಇರುವುದಿಲ್ಲ. ಪ್ರತಿ ಕೊತ್ತಳದ ಬಗಲಲ್ಲಿ ಅಡಗಿಸಿಟ್ಟ ಫಿರಂಗಿಗಳು ಗೋಡೆಯ ಉದ್ದಕ್ಕೂ ಹೊಡೆಯುತ್ತವೆ. ಒಂದು ಚಿತ್ರ ಬರೆದು ನೋಡಿ, ತಟ್ಟನೆ ಅರ್ಥವಾಗುತ್ತದೆ. ಅಷ್ಟು ಹಣ ಸುರಿದು ಕಟ್ಟಿದ ಈ ಗೋಡೆಗೆ ಒಂದು ಮುತ್ತಿಗೆಯೂ ಬರಲಿಲ್ಲ! ಈಗ ಜನ ಅದರ ಮೇಲೆ ನಾಯಿ ಕರೆದುಕೊಂಡು ವಾಕಿಂಗ್ ಹೋಗುತ್ತಾರೆ. ಟಿಕೆಟ್ ಇಲ್ಲ.

ಹಳೆಯ ಬೆರಿಕ್ ಕೋಟೆಯನ್ನು ಹುಡುಕುವವರು ರೈಲು ನಿಲ್ದಾಣಕ್ಕೆ ಹೋಗಿ. 1840ರ ದಶಕದಲ್ಲಿ ರೈಲು ಬಂದಾಗ ಕೋಟೆಯ ಬಹುಭಾಗ ಕೆಡವಿದರು. ಸ್ಕಾಟ್ಲೆಂಡಿನ ಪಟ್ಟ ಜಾನ್ ಬೇಲಿಯಲ್‌ಗೆ ಎಂದು 1292ರಲ್ಲಿ ತೀರ್ಪಾದ ಸಭಾಂಗಣ ಇದ್ದದ್ದು ಈಗ ಪ್ಲಾಟ್‌ಫಾರ್ಮ್ ಇರುವಲ್ಲಿ.

ಲಿಂಡಿಸ್‌ಫಾರ್ನ್

793ರಲ್ಲಿ ವೈಕಿಂಗರು ಕೊಳ್ಳೆ ಹೊಡೆದ ಮಠದ ದ್ವೀಪ ಇದು. ಇಲ್ಲಿನ ಪುಟ್ಟ ಕೋಟೆ 16ನೇ ಶತಮಾನದ್ದು, ಫಿರಂಗಿ ಇಡಲೆಂದೇ ಕಟ್ಟಿದ್ದು. ಅಷ್ಟರಲ್ಲಿ ಮಠ ಮುಚ್ಚಿತ್ತು, ಅದರ ಕಲ್ಲುಗಳನ್ನೇ ತಂದು ಬಳಸಿದರು. 20ನೇ ಶತಮಾನದ ಆರಂಭದಲ್ಲಿ ವಾಸ್ತುಶಿಲ್ಪಿ ಲಟ್ಯೆನ್ಸ್, ಹೌದು, ನವದೆಹಲಿಯ ಅದೇ ಲಟ್ಯೆನ್ಸ್, ಇದನ್ನು ರಜೆಯ ಮನೆಯಾಗಿ ಬದಲಾಯಿಸಿದ. ಸಮಯ ಕಡಿಮೆ ಇದ್ದರೆ ಕೋಟೆ ಬಿಟ್ಟು ಮಠದ ಅವಶೇಷ ನೋಡಿ.

ಹೋಗುವ ರಸ್ತೆ ದಿನಕ್ಕೆ ಎರಡು ಸಲ ಭರತದಲ್ಲಿ ಮುಳುಗುತ್ತದೆ. ಅವತ್ತಿನ ಸುರಕ್ಷಿತ ವೇಳೆಯ ಪಟ್ಟಿ ನೋಡದೆ ಕಾರು ಇಳಿಸಬೇಡಿ. ಟಿಕೆಟ್ಟೂ ಒಂದೇ ಕಡೆ ಸಿಗುವುದಿಲ್ಲ. ಮಠ ಮತ್ತು ಡನ್‌ಸ್ಟನ್‌ಬರಾ ನೋಡಿಕೊಳ್ಳುವುದು ಇಂಗ್ಲಿಷ್ ಹೆರಿಟೇಜ್, ಲಿಂಡಿಸ್‌ಫಾರ್ನ್ ಕೋಟೆ ನ್ಯಾಷನಲ್ ಟ್ರಸ್ಟಿನದು (ಎರಡೂ ಪಾರಂಪರಿಕ ತಾಣಗಳನ್ನು ಕಾಪಾಡುವ ಸಂಸ್ಥೆಗಳು), ಬ್ಯಾಂಬರಾ ಖಾಸಗಿ.