‘ಏನಾಗಂಗಿಲ್ಲ ಬಿಡು’

ಕಳೆದ ಚಳಿಗಾಲದಲ್ಲಿ ಒಂದು ಸಂಜೆ ಕಲಬುರಗಿಯಿಂದ ಹುಮನಾಬಾದಿಗೆ ಕಾರಿನಲ್ಲಿ ಹೊರಟಿದ್ದೆವು. ಓಡಿಸುತ್ತಿದ್ದವರು ನಮ್ಮ ಕಾಕಾ. ಕಮಲಾಪುರ ದಾಟುವಷ್ಟರಲ್ಲಿ ಕತ್ತಲಾಗಿತ್ತು. ಸ್ಪೀಡಿನ ಮುಳ್ಳು 80ರ ಮೇಲಿತ್ತು. “ಕಾಕಾ, ಸ್ವಲ್ಪ ಸಾವಕಾಶ” ಅಂದೆ.

“ಇಪ್ಪತ್ ವರ್ಷದಿಂದ ಇದೇ ರೋಡಿಗಿ ಗಾಡಿ ಹೊಡಿಲಕತ್ತೀನಿ. ಏನಾಗಂಗಿಲ್ಲ ಬಿಡು.”

ಕಾಕಾ ಸುಳ್ಳು ಹೇಳುತ್ತಿರಲಿಲ್ಲ. ಇಪ್ಪತ್ತು ವರ್ಷ ಅವರಿಗೆ ನಿಜಕ್ಕೂ ಏನೂ ಆಗಿಲ್ಲ. ತೊಂದರೆ ಇರುವುದು ಅಲ್ಲೇ. ಕಾದ ಹಂಚು ಮುಟ್ಟಿದರೆ ಕೈ ಆಗಲೇ ಸುಡುತ್ತದೆ, ಒಂದೇ ಸಲಕ್ಕೆ ಪಾಠ ಕಲಿಯುತ್ತೇವೆ. ರಸ್ತೆ ಹಾಗೆ ಕಲಿಸುವುದಿಲ್ಲ. ತಿರುವಿನಲ್ಲಿ ಓವರ್‌ಟೇಕ್ ಮಾಡಿದರೂ ಬಹಳಷ್ಟು ಸಲ ಪಾರಾಗುತ್ತೇವೆ. ಪಾರಾದಾಗಲೆಲ್ಲ ಬೇಗ ಮುಟ್ಟಿದ ಖುಷಿ ಬೇರೆ. ಮಿದುಳು ಅದನ್ನೇ ಬಹುಮಾನ ಅಂದುಕೊಂಡು ಚಾಳಿಯನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಆಮೇಲೆ ಯೋಚಿಸುವ ಕೆಲಸವೇ ಇಲ್ಲ, ಕಾಲು ತಾನಾಗಿ ಎಕ್ಸಲರೇಟರ್ ಒತ್ತುತ್ತದೆ.

ಈಗ ಸ್ವಲ್ಪ ಲೆಕ್ಕ. 60ರ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ, 80ರಲ್ಲಿ 22. ಎದುರಿಗೆ ಏನೋ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಬೇಕು ಅಂದುಕೊಳ್ಳಿ. ಒಣಗಿದ ಒಳ್ಳೆ ರಸ್ತೆಯಲ್ಲಿ 60ರ ಕಾರು ಒಟ್ಟು 45 ಮೀಟರಿನಲ್ಲಿ ನಿಲ್ಲುತ್ತದೆ. 80ರದ್ದಕ್ಕೆ 69 ಮೀಟರ್ ಬೇಕು. ವೇಗ ಹೆಚ್ಚಿದ್ದು ಮೂರನೇ ಒಂದು ಪಾಲು ಮಾತ್ರ. ಆದರೆ ಗಾಡಿಯ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಹೆಚ್ಚುಕಡಿಮೆ 1.8 ಪಟ್ಟು. ಬ್ರೇಕ್ ಅಷ್ಟನ್ನೂ ಕರಗಿಸಬೇಕು. ನನಗೆ ದಿಗಿಲು ಹುಟ್ಟಿಸಿದ್ದು ಇನ್ನೊಂದು ಸಂಗತಿ. ಮೊದಲನೇ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೆಯದು ಇನ್ನೂ 65ರ ವೇಗದಲ್ಲಿರುತ್ತದೆ!

ಇಷ್ಟು ಮಾಡಿ ಉಳಿಸುವುದೇನು? 30 ಕಿಲೋಮೀಟರ್ ದಾರಿಗೆ ಏಳೂವರೆ ನಿಮಿಷ. ಹೋಟೆಲಿನಲ್ಲಿ ಚಹಾಕ್ಕೆ ಕೂತರೆ ಅದಕ್ಕಿಂತ ಜಾಸ್ತಿ ಹೊತ್ತು ಕೂಡುತ್ತೇವೆ, ಅಲ್ವಾ?

ಕಬ್ಬಿನ ಹಂಗಾಮಿನಲ್ಲಿ ಬೀದರ ಕಡೆಯ ರಸ್ತೆಗಳಲ್ಲಿ ರಾತ್ರಿ ಲೆಕ್ಕ ಇನ್ನೂ ಕೆಡುತ್ತದೆ. ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಮೇಲೆ ತುಂಬಿ ತುಳುಕುವ ಕಬ್ಬು. ಹಿಂದಿನ ಲೈಟು ಇದ್ದರೂ ಜೋತುಬಿದ್ದ ಗರಿ ಅದನ್ನು ಮುಚ್ಚಿರುತ್ತದೆ. ಕೆಲವರು ರಿಫ್ಲೆಕ್ಟರ್ ಬದಲು ಹಳೆ ಸಿಡಿ ಕಟ್ಟುತ್ತಾರೆ. ಸಿಡಿ ಕನ್ನಡಿ ಇದ್ದ ಹಾಗೆ, ಸ್ವಲ್ಪ ಓರೆಯಾದರೂ ಬೆಳಕನ್ನು ಹೊಲದ ಕಡೆ ಎಸೆಯುತ್ತದೆ. ರಿಫ್ಲೆಕ್ಟರ್ ಪಟ್ಟಿಯಲ್ಲಿ ಸಣ್ಣ ಗಾಜಿನ ಮಣಿಗಳೋ ಪ್ರಿಸಂಗಳೋ ಇರುತ್ತವೆ. ಅವು ಬೆಳಕನ್ನು ಬಂದ ದಿಕ್ಕಿಗೇ, ಅಂದರೆ ನಮ್ಮ ಕಣ್ಣಿಗೇ, ವಾಪಸ್ ಕಳಿಸುತ್ತವೆ. ಅದಿಲ್ಲದ ಟ್ರೇಲರ್ ಡಿಮ್ ಲೈಟಿನಲ್ಲಿ ತೀರಾ ಹತ್ತಿರ ಬಂದ ಮೇಲೆಯೇ ಕಾಣುವುದು. ಎದುರಿನವರು ಡಿಪ್ಪರ್ ಕೊಡದೆ ಬಂದರೆ ಅದೂ ಇಲ್ಲ. ಜೋರು ಬೆಳಕಿಗೆ ಪಾಪೆ ಥಟ್ಟನೆ ಕಿರಿದಾಗುತ್ತದೆ, ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು ಮಾತ್ರ ಕೆಲವು ಸೆಕೆಂಡ್ ಬೇಕು. ಅಷ್ಟು ಹೊತ್ತು ಕಣ್ಣು ತೆರೆದೇ ಇರುತ್ತದೆ, ಸುಮ್ನೆ.

ಅವತ್ತು ಆಗಿದ್ದೂ ಅದೇ. ಹೈಬೀಮ್ ಹಾಕಿದ ಲಾರಿ ಸರ್ರನೆ ದಾಟಿ ಹೋಯಿತು. ಮರುಗಳಿಗೆ ನಮ್ಮ ಮುಂದೆ ಕಬ್ಬಿನ ಗೋಡೆ. ಕಾಕಾ ಬ್ರೇಕ್ ತುಳಿದರು. ಟೈರ್ ಕಿರುಚಿತು. ನಡುವೆ ಎರಡು ಮಾರು ಉಳಿದಿರಬಹುದು. ಟ್ರ್ಯಾಕ್ಟರ್ ನಿಂತಿರಲಿಲ್ಲ, ನಿಧಾನವಾಗಿ ಮುಂದೆ ಸಾಗುತ್ತಿತ್ತು. ಅದು ಸರಿದ ಆ ಒಂದಿಷ್ಟು ಮೀಟರೇ ನಮ್ಮನ್ನು ಉಳಿಸಿದ್ದು.

ಸ್ವಲ್ಪ ದೂರ ಯಾರೂ ಮಾತಾಡಲಿಲ್ಲ. ಮುಳ್ಳು 50ಕ್ಕೆ ಇಳಿದಿತ್ತು. ಹುಮನಾಬಾದ್ ಹತ್ತಿರ ಬರುವಷ್ಟರಲ್ಲಿ ಮತ್ತೆ 80. ಮನೆ ಮುಟ್ಟಿ ಕೈಕಾಲು ತೊಳೆದುಕೊಂಡು ಊಟಕ್ಕೆ ಕೂತಾಗ ಕಾಕಾ ಎಲ್ಲರಿಗೂ ಹೇಳಿದ್ದು, ತಾವು ಎಷ್ಟು ಚಾಲಾಕಿನಿಂದ ಬ್ರೇಕ್ ಹೊಡೆದರು ಅನ್ನುವ ಕತೆ.