ಇನ್ವರ್ಟರ್‌ಗಳಿಗೆ ರಿಮೋಟ್ ಕಂಟ್ರೋಲರ್ ಜೋಡಣೆ: ತಂತಿಯಿಂದ ರಿಜಿಸ್ಟರ್‌ವರೆಗೆ

ದೂರದಿಂದ ಇನ್ವರ್ಟರನ್ನು ನಿಯಂತ್ರಿಸುವ ಅತಿ ಸರಳ ಕ್ರಮವೆಂದರೆ ಅದರ ರಿಮೋಟ್ ಟರ್ಮಿನಲ್‌ಗೆ ಎರಡು ತಂತಿಗಳ ಸ್ವಿಚ್ಚೊಂದನ್ನು ಜೋಡಿಸುವುದು. ಆದರೆ ಈ ಸ್ವಿಚ್ಚು ಯಂತ್ರವನ್ನು ಚಾಲೂ ಅಥವಾ ಬಂದ್ ಮಾಡುತ್ತದೆಯೇ ಹೊರತು ಒಳಗೇನು ನಡೆಯುತ್ತಿದೆ ಎಂಬುದನ್ನು ತಿಳಿಸುವುದಿಲ್ಲ. ವೋಲ್ಟೇಜ್, ಕರೆಂಟ್, ಉಷ್ಣತೆ, ದೋಷದ ಸಂಕೇತ ಇವೆಲ್ಲ ಬೇಕೆಂದಾದರೆ ಕಂಟ್ರೋಲರ್ ಮತ್ತು ಇನ್ವರ್ಟರ್ ನಡುವೆ ಮಾಹಿತಿ ಹರಿಯಬೇಕು. ಇದಕ್ಕೆ ವ್ಯಾಪಕವಾಗಿ ಬಳಕೆಯಲ್ಲಿರುವ ದಾರಿ ಆರ್‌ಎಸ್-485 ತಂತಿಯ ಮೇಲೆ ಸಾಗುವ ಮಾಡ್‌ಬಸ್ ಆರ್‌ಟಿಯು. ಎರಡೂ ಒಂದೇ ಎಂದು ಭಾವಿಸಬಾರದು: ಆರ್‌ಎಸ್-485 ಎಂಬುದು ವಿದ್ಯುತ್ ಸಂಕೇತದ ಮಾನದಂಡ, ಮಾಡ್‌ಬಸ್ ಎಂಬುದು 1979ರಲ್ಲಿ ಮೋಡಿಕಾನ್ ಕಂಪನಿ ರೂಪಿಸಿದ ಪ್ರಶ್ನೋತ್ತರದ ನಿಯಮ.

ತಂತಿಯನ್ನು ಒಂದು ಯಂತ್ರದಿಂದ ಮುಂದಿನದಕ್ಕೆ ಸರಪಳಿಯಂತೆ ಒಯ್ಯಬೇಕು. ನಡುವಿನಿಂದ ಉದ್ದನೆಯ ಕವಲುಗಳನ್ನು ತೆಗೆದರೆ ಸಂಕೇತ ಪ್ರತಿಫಲಿಸಿ ಕೆಡುತ್ತದೆ. ಇದೇ ಕಾರಣಕ್ಕೆ ಸಾಲಿನ ಎರಡು ತುದಿಗಳಲ್ಲಿ ಮಾತ್ರ 120 ಓಮ್‌ನ ರೆಸಿಸ್ಟರ್ ಇರಬೇಕು. ಕಡಿಮೆ ವೇಗದಲ್ಲಿ ಸಾಲು ಸುಮಾರು 1200 ಮೀಟರ್‌ವರೆಗೂ ಹೋಗಬಹುದು. 'ಎ' ಮತ್ತು 'ಬಿ' ಎಂಬ ಗುರುತುಗಳನ್ನು ಎಲ್ಲ ತಯಾರಕರೂ ಒಂದೇ ಅರ್ಥದಲ್ಲಿ ಬಳಸುವುದಿಲ್ಲವಾದ್ದರಿಂದ, ಉತ್ತರವೇ ಬಾರದಿದ್ದಾಗ ಆ ಎರಡು ತಂತಿಗಳನ್ನು ಅದಲುಬದಲು ಮಾಡಿ ನೋಡುವುದು ನಾಚಿಕೆಯ ವಿಷಯವಲ್ಲ. ಇನ್ವರ್ಟರಿನ ಸಾಕೆಟ್ ಕಂಪ್ಯೂಟರ್ ನೆಟ್‌ವರ್ಕ್ ಸಾಕೆಟ್‌ನಂತೆಯೇ ಕಂಡರೂ ಅದು ಈಥರ್ನೆಟ್ ಆಗಿರಬೇಕೆಂದಿಲ್ಲ. ಯಾವ ಪಿನ್ ಯಾವುದಕ್ಕೆಂದು ಕೈಪಿಡಿಯಲ್ಲಿ ನೋಡಿಕೊಳ್ಳದೆ ಕೇಬಲ್ ಸಿಕ್ಕಿಸಬಾರದು.

ಪ್ರತಿ ಇನ್ವರ್ಟರ್‌ಗೂ 1ರಿಂದ 247ರೊಳಗಿನ ಪ್ರತ್ಯೇಕ ವಿಳಾಸ ಕೊಡಬೇಕು. ಒಂದೇ ಮಾದರಿಯ ಹೊಸ ಯಂತ್ರಗಳು ಸಾಮಾನ್ಯವಾಗಿ ಒಂದೇ ವಿಳಾಸದೊಂದಿಗೆ ಬರುವುದರಿಂದ, ಎಲ್ಲವನ್ನೂ ಒಟ್ಟಿಗೆ ಜೋಡಿಸಿದರೆ ಒಂದು ಪ್ರಶ್ನೆಗೆ ಹಲವು ಯಂತ್ರಗಳು ಏಕಕಾಲಕ್ಕೆ ಉತ್ತರಿಸಿ ಕಂಟ್ರೋಲರ್‌ಗೆ ಗೊಂದಲವಷ್ಟೇ ತಲುಪುತ್ತದೆ. ಆದ್ದರಿಂದ ಒಂದೊಂದನ್ನೇ ಜೋಡಿಸಿ, ವಿಳಾಸ ಬದಲಿಸಿ, ಉತ್ತರ ಬಂದ ಮೇಲೆಯೇ ಮುಂದಿನದಕ್ಕೆ ಹೋಗುವುದು ಲೇಸು. ಮಾಹಿತಿ ಸಾಗುವ ವೇಗ ಮತ್ತು ಪ್ಯಾರಿಟಿ (ತಪ್ಪು ಪತ್ತೆಗೆ ಸೇರಿಸುವ ಬಿಟ್‌ನ ಕ್ರಮ) ಎಲ್ಲೆಡೆ ಒಂದೇ ಇರಬೇಕು.

ಸಮಯದ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಉಪಯುಕ್ತ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ, ಒಂದು ಅಕ್ಷರಕ್ಕೆ (ಬೈಟ್‌ಗೆ) 10 ಬಿಟ್‌ನಂತೆ, ಸೆಕೆಂಡಿಗೆ 960 ಅಕ್ಷರಗಳು ಸಾಗುತ್ತವೆ. ರಿಜಿಸ್ಟರ್ ಎಂದರೆ ಇನ್ವರ್ಟರ್ ತನ್ನ ಅಂಕಿಗಳನ್ನು ಇಟ್ಟುಕೊಳ್ಳುವ, ಸಂಖ್ಯೆ ಹಾಕಿದ ಖಾನೆ. ಇಂಥ ಹತ್ತು ರಿಜಿಸ್ಟರ್‌ಗಳನ್ನು ಓದಲು ಪ್ರಶ್ನೆಗೆ 8, ಉತ್ತರಕ್ಕೆ 25, ಒಟ್ಟು 33 ಅಕ್ಷರಗಳು ಬೇಕು. ಅಂದರೆ ಸುಮಾರು 34 ಮಿಲಿಸೆಕೆಂಡು, ಅದರ ಮೇಲೆ ಸಂದೇಶಗಳ ನಡುವಿನ ಮೌನ ಮತ್ತು ಇನ್ವರ್ಟರ್ ಉತ್ತರಿಸಲು ತೆಗೆದುಕೊಳ್ಳುವ ಕಾಲ. ಇಷ್ಟರಲ್ಲಿ ನಿಧಾನವೇನೂ ಕಾಣದು. ಆದರೆ ಕಾಯುವ ಮಿತಿಯನ್ನು 1 ಸೆಕೆಂಡಿಗೆ ಇಟ್ಟಿದ್ದರೆ, ಬಂದಾಗಿರುವ ಒಂದೇ ಯಂತ್ರ ಪ್ರತಿ ಸುತ್ತಿಗೂ ಪೂರ್ತಿ ಒಂದು ಸೆಕೆಂಡನ್ನು ನುಂಗುತ್ತದೆ.

ಸಂಪರ್ಕ ಸಿಕ್ಕ ಮೇಲೂ ಅಂಕಿಗಳು ವಿಚಿತ್ರವಾಗಿ ಕಾಣಬಹುದು. ರಿಜಿಸ್ಟರ್ ಎಂಬುದು 16 ಬಿಟ್‌ನ ಪೂರ್ಣಾಂಕ ಮಾತ್ರ. ದಶಾಂಶ ಬಿಂದು ಎಲ್ಲಿದೆಯೆಂಬುದು ಕೈಪಿಡಿಯಲ್ಲಿರುತ್ತದೆ. 2304 ಎಂದು ಬಂದದ್ದು 230.4 ವೋಲ್ಟ್ ಆಗಿರಬಹುದು. ಬ್ಯಾಟರಿಯ ಪವರ್ 65286 ಎಂದು ಕಂಡರೆ ಹೆದರಬೇಕಿಲ್ಲ: ಚಿಹ್ನೆಯುಳ್ಳ ಸಂಖ್ಯೆಯಾಗಿ ಓದಿದರೆ, ಅಂದರೆ ಅದರಿಂದ 65536 ಕಳೆದರೆ, ಅದು ಋಣ 250. ಕೈಪಿಡಿಯಲ್ಲಿ 40001 ಎಂದು ಬರೆದ ರಿಜಿಸ್ಟರನ್ನು ತಂತಿಯ ಮೇಲೆ 0 ಎಂದು ಕೇಳಬೇಕಾಗುವುದುಂಟು: ಮೊದಲ 4 ರಿಜಿಸ್ಟರಿನ ಬಗೆಯ ಗುರುತು, ತಂತಿಯ ಮೇಲಿನ ಎಣಿಕೆ 0ಯಿಂದ ಶುರು. ಓದಿದ ಬೆಲೆಯನ್ನು ಇನ್ವರ್ಟರಿನ ಪರದೆಯೊಡನೆ ಹೋಲಿಸುವವರೆಗೆ ಅದನ್ನು ನಂಬಬೇಡಿ.

ಓದುವಾಗ ತಪ್ಪಿದರೆ ಅಂಕಿ ತಪ್ಪುತ್ತದೆ, ಬರೆಯುವಾಗ ತಪ್ಪಿದರೆ ಯಂತ್ರದ ನಡವಳಿಕೆಯೇ ಬದಲಾಗುತ್ತದೆ. ಆದ್ದರಿಂದ ನಿಯಂತ್ರಣವನ್ನು, ಓದುವಿಕೆ ಕೆಲವು ದಿನ ದೋಷವಿಲ್ಲದೆ ನಡೆದ ಮೇಲೆಯೇ ಆರಂಭಿಸುವುದು ಜಾಣತನವೆಂದು ನನ್ನ ಅಭಿಪ್ರಾಯ. ಕೆಲವು ಸೆಟ್ಟಿಂಗ್‌ಗಳು ಇನ್ವರ್ಟರಿನ ಶಾಶ್ವತ ಸ್ಮೃತಿಯಲ್ಲಿ ಉಳಿಯುತ್ತವೆ; ಅಂಥ ಸ್ಮೃತಿಗೆ ಬರೆಯಬಹುದಾದ ಸಲಗಳಿಗೆ ಮಿತಿಯಿರುವುದರಿಂದ, ಪವರ್ ಮಿತಿಯನ್ನು ಪ್ರತಿ ಸೆಕೆಂಡೂ ಅಲ್ಲಿಗೆ ಬರೆಯುವ ಪ್ರೋಗ್ರಾಂ ಯಂತ್ರದ ಆಯುಷ್ಯವನ್ನೇ ತಿನ್ನುತ್ತದೆ. ದೂರದಿಂದ ಬಂದ್ ಮಾಡಿದ ಇನ್ವರ್ಟರ್ ಸುರಕ್ಷಿತವೆಂದೂ ಅಲ್ಲ. ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ, ಐಸೊಲೇಟರ್ (ವಿದ್ಯುತ್ ಮೂಲವನ್ನು ಬೇರ್ಪಡಿಸುವ ಸ್ವಿಚ್ಚು) ಬಂದ್ ಮಾಡಿ, ಕೈಪಿಡಿ ಹೇಳಿದಷ್ಟು ಹೊತ್ತು ಕಾಯದೆ ಮುಚ್ಚಳಕ್ಕೆ ಕೈ ಹಾಕಬಾರದು.

ಇನ್ನು ಉಳಿದದ್ದು ಸಂಪರ್ಕ ಕಡಿದುಹೋದಾಗಿನ ನಡವಳಿಕೆ. ಕೊನೆಯ ಆಜ್ಞೆಯಂತೆಯೇ ಯಂತ್ರ ಮುಂದುವರಿಯುವುದೋ, ಪೂರ್ವನಿಗದಿತ ಮಿತಿಗೆ ಇಳಿಯುವುದೋ, ನಿಂತೇಬಿಡುವುದೋ ಎಂಬುದು ಮಾದರಿಯನ್ನೂ ಸೆಟ್ಟಿಂಗನ್ನೂ ಅವಲಂಬಿಸಿದೆ. ಇದನ್ನು ಕೈಪಿಡಿಯಲ್ಲಿ ಓದಿ ಸುಮ್ಮನಾಗದೆ, ಲೋಡ್ ಕಡಿಮೆಯಿರುವ ಹೊತ್ತಿನಲ್ಲಿ ಸಂಕೇತದ ಕೇಬಲನ್ನು ಕಿತ್ತು, ಯಂತ್ರ ಏನು ಮಾಡುತ್ತದೆಂದು ಗಡಿಯಾರ ಹಿಡಿದು ನೋಡಿ ಬರೆದಿಟ್ಟುಕೊಳ್ಳಬೇಕು.